ಸಾವಿರದ ಮುನ್ನೂರ ಐವತ್ತನೆಯ ಪೆಟ್ಟಿಗೆ

"ಇನ್ನು ಇದೊಂದನ್ನು ಎಲ್ಲಿ ಇಡುದು?"

ಯಾರ ಮುಖವನ್ನೂ ನೋಡದೆ, ಯಾರಿಂದಲೂ ಉತ್ತರ ಬಯಸದೆ ಹೀಗೆ ಕೇಳಿದವನು ಲೋಕು ಮೆಂಡನ್. ಹಿಂದೊಮ್ಮೆ ತ್ರಿವಿಕ್ರಮನು ಎರಡು ಹೆಜ್ಜೆಗಳಲ್ಲಿ ಭೂಮ್ಯಾಕಾಶಗಳನ್ನು ಅಳೆದು, ಮೂರನೆಯದಕ್ಕೆ ಎಡೆಯೆಲ್ಲಿ ಎಂದು ಕೇಳಿದಾಗ ತಲೆಯೊಡ್ಡಲು ಬಲಿಚಕ್ರವರ್ತಿಯಾದರೂ ಇದ್ದ. ಮಲ್ಪೆಯ ಮೀನು ಶೈತ್ಯಾಗಾರದ ಲೋಡಿಂಗ್ ಕಟ್ಟೆಯ ಮೇಲೆ ಬೆಳಿಗ್ಗೆ ಹತ್ತೂವರೆಗೆ ಅಂಥ ದಾನಿ ಒಬ್ಬನೂ ಇರಲಿಲ್ಲ. ಇದ್ದದ್ದು ಒಂದು ಬಿಳಿ ರಟ್ಟಿನ ಪೆಟ್ಟಿಗೆ, ಅದರೆದುರು ಬಾಗಿಲು ತೆರೆದು ನಿಂತ, ಒಳಗೆಲ್ಲ ತುಂಬಿಹೋದ ಒಂದು ಕಂಟೇನರು.

ಕೇಳಿರಯ್ಯಾ ಭಾವುಕರೇ! ಕೃತಯುಗದಲ್ಲಿ ಅಮೃತವು ಕಲಶದಲ್ಲಿ ಹೋಯಿತು. ತ್ರೇತೆಯಲ್ಲಿ ಮೂಲಿಕೆಗಳು ಪರ್ವತಸಮೇತ ಆಕಾಶಮಾರ್ಗದಲ್ಲಿ ಬಂದವು. ದ್ವಾಪರದಲ್ಲಿ ಹಿಡಿ ಅವಲಕ್ಕಿ ಉತ್ತರೀಯದ ಗಂಟಿನೊಳಗೆ ದ್ವಾರಕೆ ಸೇರಿತು. ಅವಲಕ್ಕಿ ಸುಲಭವಾಗಿ ಹಳಸುವಂಥದ್ದಲ್ಲವಾದ್ದರಿಂದ ಆ ಮಹಾತ್ಮನಿಗೆ ದಾರಿಯುದ್ದಕ್ಕೂ ನಾಚಿಕೆಯೊಂದೇ ಚಿಂತೆ. ಕೆಡುವುದನ್ನು ಕೆಡದಂತೆ ಸಪ್ತಸಾಗರದಾಚೆ ಮುಟ್ಟಿಸುವ ಘನಭಾರವು ಕಲಿಯುಗದ ಪಾಲಿಗೆ ಬಂತು. ಆ ಭಾರವನ್ನು ಹೊರಲೆಂದೇ ಹುಟ್ಟಿದವು, ಬಿಸಿಲಲ್ಲಿ ನಿಂತರೂ ಬೆವರದ, ಉದರದಲ್ಲಿ ಮಾಘಮಾಸವನ್ನು ಅಡಗಿಸಿಕೊಂಡ ಹಿಮಗರ್ಭಲೋಹಮಂಜೂಷೆಗಳು. ಅವುಗಳನ್ನು ತುಂಬಲೆಂದೇ ಹುಟ್ಟಿದವನು ನಮ್ಮ ನಾಯಕ, ಶ್ವೇತಪೆಟ್ಟಿಕಾವ್ಯೂಹರಚನಾವಿಚಕ್ಷಣ, ಮರ್ಕಟಟೋಪಿಕಾಲಂಕೃತಮಸ್ತಕ, ಲೋಡಿಂಗ್ ಮೇಸ್ತ್ರಿ ಲೋಕು ಮೆಂಡನ್.

ಅಂದು ಸ್ಪೇನ್ ದೇಶಕ್ಕೆ ಹೊರಟಿದ್ದದ್ದು ಸಾವಿರದ ಮುನ್ನೂರ ಐವತ್ತು ಪೆಟ್ಟಿಗೆ ಬೊಂಡಾಸ್, ಅಂದರೆ ಸ್ಕ್ವಿಡ್. ಹತ್ತು ಕೈಗಳುಳ್ಳ ಆ ಜಲಚರಗಳು ಮೈನಸ್ ಹದಿನೆಂಟು ಡಿಗ್ರಿಯಲ್ಲಿ ಹತ್ತೂ ಕೈಗಳನ್ನು ಮಡಚಿ ಯೋಗನಿದ್ರೆಯಲ್ಲಿದ್ದವು. ಲೋಕಣ್ಣನ ಎಣಿಕೆಯಂತೆ ಒಳಗೆ ಸೇರಿದವು ಸಾವಿರದ ಮುನ್ನೂರ ನಲವತ್ತೊಂಬತ್ತು. ಹೊರಗುಳಿದದ್ದು ಇದೊಂದು. ಒಳಗೋ, ಸೂಜಿಗೆ ಎಡೆಯಿಲ್ಲ.

ಎಡೆಯಿಲ್ಲವೆಂದರೆ, ಇತ್ತು, ಆದರೆ ಇರಲಿಲ್ಲ. ಪೆಟ್ಟಿಗೆಗಳ ನೆತ್ತಿಗೂ ಕಂಟೇನರಿನ ಚಾವಣಿಗೂ ನಡುವೆ ತಣ್ಣನೆಯ ಗಾಳಿ ತಿರುಗಾಡಲೆಂದು ಬಿಟ್ಟ ಒಂದು ಅವಕಾಶ. ಅದರ ಗಡಿಗೆ ಗೋಡೆಯುದ್ದಕ್ಕೂ ಎಳೆದ ಕೆಂಪು ಗೆರೆ. ಲಕ್ಷ್ಮಣನು ಎಳೆದ ಗೆರೆಯನ್ನು ದಾಟಿದವರುಂಟು. ಇದನ್ನು ದಾಟಿದವರಿಲ್ಲ. ಏಕೆಂದರೆ ಇದರ ಕಾವಲಿಗಿದ್ದವಳು ಉಷ್ಣಮಾಪಕಾಯುಧಧಾರಿಣಿ, ಸಕಲಹಿಮಮತ್ಸ್ಯಪರೀಕ್ಷಣಾಧಿಕಾರಿಣಿ ಶರಲ್ ಪಿಂಟೊ.

"ಲೋಕಣ್ಣ, ಗೆರೆಯಿಂದ ಮೇಲೆ ಒಂದು ಬೆರಳು ಕೂಡ ಹೋಗ್ಬಾರ್ದು. ಹೋದ್ರೆ ಗಾಳಿ ತಿರುಗುದು ಹೇಗೆ? ಮತ್ತೆ, ನೀವು ಇನ್ನೊಮ್ಮೆ ಎಣಿಸಿ. ನಂಗೆ ಯಾಕೋ ಡೌಟು ಉಂಟು."

"ಎಣಿಸಿಯಾಯ್ತು ಮೇಡಂ."

"ಎಣಿಸುದು ಬೇಡಾಂದ್ರೆ ಇದನ್ನು ಕೋಲ್ಡ್ ರೂಮಿಗೆ ವಾಪಸ್ ಕಳಿಸಿ. ಪುಸ್ತಕದಲ್ಲಿ ಒಂದು ವಾಪಸ್ ಅಂತ ಬರೀತೇನೆ. ಎಂತ ಆಗ್ತದೆ?"

ಎಂತ ಆಗುತ್ತದೆಯೇ! ಅಯ್ಯಾ, ಶರಲಳ ಕಂಕುಳಲ್ಲಿದ್ದ ಆ ಪುಸ್ತಕದಲ್ಲಿ, ಬಾಗಿಲಿನಿಂದ ಹಿಂದೆ ಬಂದ ಪೆಟ್ಟಿಗೆಗಳನ್ನು ಬರೆಯುವ ಅಂಕಣದಲ್ಲಿ, ಲೋಕು ಮೆಂಡನ್ನನ ಹೆಸರಿನೆದುರು ಇಪ್ಪತ್ತೆರಡು ವರ್ಷಗಳಿಂದ ಸೊನ್ನೆಯಿತ್ತು. ಹುಣ್ಣಿಮೆಯ ಚಂದ್ರನಿಗೂ ಕಲೆಯುಂಟು, ಆ ಸೊನ್ನೆಗಿಲ್ಲ. ಉಳಿದ ಮೇಸ್ತ್ರಿಗಳ ಹೆಸರಿನೆದುರು ಎರಡಿತ್ತು, ಐದಿತ್ತು. ಲೋಕಣ್ಣನಿಗೆ ಮನೆಯಲ್ಲಿ ಮಾತಿಗೆ ಬೆಲೆಯಿರಲಿಲ್ಲ, ಮೊಣಕಾಲಿನಲ್ಲಿ ಮೊದಲಿನ ಬಲವಿರಲಿಲ್ಲ. ಇದ್ದದ್ದು ಆ ಸೊನ್ನೆ.

ಟ್ರೈಲರಿನ ಡ್ರೈವರು ಇದ್ದಿನಬ್ಬ ಕಿಟಕಿಯಿಂದ ತಲೆ ಹಾಕಿ ಕೂಗಿದ. "ಎಂತ ಮೇಸ್ತ್ರಿ, ಒಂದು ಪೆಟ್ಟಿಗೆಗೆ ಇನ್ನೊಂದು ಲಾರಿ ತರ್ಬೇಕಾ? ಬೇಕಾದ್ರೆ ಇಲ್ಲಿ ನನ್ನ ಪಕ್ಕ ಕೂರಿಸಿ ಮಾರಾಯ್ರೆ, ಪಣಂಬೂರು ಬಂದರಿನವರೆಗೆ ಸಮುದ್ರ ನೋಡ್ತಾ ಬರ್ಲಿ!"

ಈ ನುಡಿಬಾಣ ತಾಗಿದ್ದೇ ತಡ, ಮೆಂಡನ್ನನ ಹುಬ್ಬುಗಳು ಮಂಕಿ ಟೋಪಿಯೊಳಗೆ ಮಾಯವಾದವು. ಎಳವೆಯಿಂದ ಅಹೋರಾತ್ರಿ ಯಕ್ಷಗಾನದ ಚೆಂಡೆಯ ಮುಂದೆ ಕುಳಿತು ಕೇಳಿದ ವೀರರೆಲ್ಲ ಅವನ ಗಂಟಲಿಗೆ ಏರಿ ಬಂದರು. ಅವನು ಪೆಟ್ಟಿಗೆಯ ಮೇಲೆ ಗಂಬೂಟಿನ ಬಲಗಾಲನ್ನು ಊರಿ ಗರ್ಜಿಸಿದ.

"ಎಲವೋ ಪೆಟ್ಟಿಗೆಯೇ! ನನ್ನನ್ನು ಯಾರೆಂದು ತಿಳಿದೆ? ನಾನು ಮುಟ್ಟಿದ ಪೆಟ್ಟಿಗೆ ಜಪಾನಿಗೆ ಹೋದದ್ದುಂಟು, ಇಟೆಲಿಗೆ ಹೋದದ್ದುಂಟು, ವಾಪಸ್ ಕೋಲ್ಡ್ ರೂಮಿಗೆ ಹೋದದ್ದಿಲ್ಲ! ಮೇಡಂ, ಲೋಕು ಮೆಂಡನ್ ಎಣಿಸಿದ್ದನ್ನು ಎರಡನೇ ಸಲ ಎಣಿಸುದಾ? ಬೇಕಾದ್ರೆ ಮೀಸೆ ಬೋಳಿಸಿ ಬರ್ತೇನೆ, ಎಣಿಸುದಿಲ್ಲ! ಏ ದಾಮು, ಕಡೇ ಆರು ಸಾಲು ಇಳಿಸಿ!"

ದಾಮು ಎಂಬವನು ಆ ಸೈನ್ಯದ ಮುಂದಾಳು, ಸ್ಥೂಲಕಾಯ, ಮಿತಭಾಷಿ. "ಆರು ಸಾಲಾ?" ಎಂದು ಕೇಳಿದ. ಒಂದು ಸಾಲಿಗೆ ನಲವತ್ತೈದರಂತೆ ಇನ್ನೂರ ಎಪ್ಪತ್ತು ಪೆಟ್ಟಿಗೆ ಎಂಬ ಗಣಿತವು ಅವನ ಮುಖದ ಮೇಲೆ ಮೋಡದಂತೆ ಹಾದುಹೋಯಿತು.

"ಅರ್ಧ ಗಂಟೆ. ಅದರ ಮೇಲೆ ಬಾಗಿಲು ತೆರೆದಿಟ್ರೆ ನಾನು ಲೋಡೇ ನಿಲ್ಲಿಸ್ತೇನೆ," ಎಂದಳು ಶರಲ್. "ಲೋಕಣ್ಣ, ಕಡೇ ಸಲ ಹೇಳುದು. ಎಣಿಸಿ."

ಎಣಿಸಲಿಲ್ಲ. ಸಾಲುಸಾಲಿನ ನಡುವೆ ಎರಡೆರಡು ಬೆರಳಿನ ಸಂದು ಉಳಿದಿರುವುದನ್ನು ಆ ಸೂಕ್ಷ್ಮದರ್ಶಿ ಕಂಡಿದ್ದ. ಹನಿಗೂಡಿ ಹಳ್ಳವಾಗುವಂತೆ ಸಂದುಗೂಡಿ ಎಡೆಯಾದೀತೆಂಬುದು ಅವನ ತಂತ್ರ. ಆಗ ನಡೆಯಿತು ಮಹಾಸಮರ! ಪೆಟ್ಟಿಗೆಗಳು ಕೈಯಿಂದ ಕೈಗೆ ಹಾರಿದವು, ಆರು ಜನರ ಉಸಿರು ಹೊಗೆಯಾಗಿ ಮೇಲೆದ್ದು ಒಬ್ಬನ ಮೂಗು ಎದುರಿನವನಿಗೆ ಕಾಣದಾಯಿತು, ಶೀತದಿಂದ ಗಡ್ಡಗಳಲ್ಲಿ ಹಿಮಕಣಗಳು ಮುತ್ತಿನಂತೆ ಹೊಳೆದವು. ನಡುವೆ ಮೆಂಡನ್ ಮಂಡಿಯೂರಿ, ಬೆನ್ನು ಕೊಟ್ಟು, ಮಂದರವನ್ನೆತ್ತಿದ ಕೂರ್ಮದಂತೆ ಸಾಲುಗಳನ್ನು ಒತ್ತಿದ. "ಇನ್ನೂ ಒತ್ತು! ಇನ್ನೂ!" ಮೊಣಕಾಲು ಲಟಕ್ಕೆಂದಿತು. ಎಡೆ ಬಾಯಿ ಬಿಟ್ಟಿತು.

ತನಗೆ ಅಷ್ಟು ಅವಮಾನ ಮಾಡಿದ ಪೆಟ್ಟಿಗೆಯನ್ನು ಬಾಗಿಲ ಬಳಿ ಇಡಲು ಅವನ ಕ್ಷಾತ್ರ ಒಪ್ಪಲಿಲ್ಲ. ಸ್ವಹಸ್ತದಿಂದಲೇ ಅದನ್ನು ಆರನೆಯ ಸಾಲಿನ ಆಳದಲ್ಲಿ, ಎಲ್ಲಕ್ಕಿಂತ ಕೆಳಗೆ, ಮೂಲೆಗೆ ದೂಡಿ, "ಬಿದ್ದಿರು ಅಲ್ಲಿ, ಸ್ಪೇನಿನವರೆಗೆ!" ಎಂದು ಶಪಿಸಿ, ಮೇಲೆ ಉಳಿದವನ್ನು ಹೇರಿಸಿದ. ಇಪ್ಪತ್ತೆಂಟನೆಯ ನಿಮಿಷಕ್ಕೆ ಬಾಗಿಲು ಮುಚ್ಚಿತು. ಕೆಂಪು ಗೆರೆಯು ಕನ್ಯೆಯ ಬೈತಲೆಯಂತೆ ಅಕಳಂಕವಾಗಿ ಉಳಿದಿತ್ತು. ಇದ್ದಿನಬ್ಬ ಕೂಡ ಹಾರ್ನು ಹೊಡೆದು ಜಯಘೋಷ ಮಾಡಿದ.

ಆ ಹೊತ್ತಿಗೆ ಕ್ಯಾಂಟೀನಿನ ಸುಗಂಧಿಯಕ್ಕ ಸೆರಗಿಗೆ ಕೈ ಒರೆಸುತ್ತ ಕಟ್ಟೆಗೆ ಬಂದಳು.

"ಲೋಕಣ್ಣ, ಇಲ್ಲಿ ನಾನೊಂದು ಪೆಟ್ಟಿಗೆ ಇಟ್ಟಿದ್ದೆ. ನೋಡಿದ್ರಾ?"

"ಎಂತ ಪೆಟ್ಟಿಗೆ?"

"ಬಂಗುಡೆದ್ದು ಮಾರಾಯ್ರೆ. ಮಧ್ಯಾಹ್ನದ ಸಾರಿಗೆ. ಕೋಲ್ಡ್ ರೂಮಿಂದ ತಂದು ಇಲ್ಲಿಟ್ಟು, ಮಸಾಲೆ ಕಡೀಲಿಕ್ಕೆ ಹೋದೆ. ಹಳೇ ಬೊಂಡಾಸಿನ ರಟ್ಟು, ಬಿಳಿದು."

ಶರಲ್ ಮೆಲ್ಲಗೆ ಕೇಳಿದಳು. "ಲೋಕಣ್ಣ, ಎಣಿಸುವಾಗ ದೇವರ ಪೆಟ್ಟಿಗೆ ಸೇರಿಸಿದ್ರಾ?"

ಲೋಕಣ್ಣನ ವಾಡಿಕೆಯೊಂದಿತ್ತು. ಪ್ರತಿ ಲೋಡಿನ ಮೊದಲ ಪೆಟ್ಟಿಗೆಯನ್ನು ಕೈಮುಗಿದು ಇಡುವನು. ಅದು ದೇವರದ್ದು, ದೇವರಿಗೆ ಸಂಖ್ಯೆ ಹಾಕಬಾರದೆಂದು ಎರಡನೆಯದರಿಂದ ಒಂದು, ಎರಡು ಎಂದು ಎಣಿಸುವನು. ಕಡೆಗೆ ದೇವರದ್ದನ್ನು ಸೇರಿಸಿ ಲೆಕ್ಕ ಮುಗಿಸುವನು. ಇಂದು, ಕೊರತೆ ಬಿದ್ದ ಒಂದು ಪೆಟ್ಟಿಗೆ ಕಣ್ಣೆದುರೇ ಕುಳಿತಿದ್ದುದರಿಂದ, ದೇವರು ಮರೆತುಹೋಗಿದ್ದ.

ವೀರನು ಕಟ್ಟೆಯ ಅಂಚಿನಲ್ಲಿ ಕುಳಿತ. ಟೋಪಿ ತೆಗೆದ. ಒಳಗಿದ್ದದ್ದು ಮುಪ್ಪಾದ ಒಂದು ಬೋಳುತಲೆ.

"ಮೇಡಂ, ಅದು ಹಾಗೇ ಹೋದ್ರೆ..."

"ಬೊಂಡಾಸಿನ ಲೋಡಲ್ಲಿ ಬಂಗುಡೆ ಸಿಕ್ಕಿದ್ರೆ ಅವರು ಇಡೀ ಕಂಟೇನರೇ ವಾಪಸ್ ಕಳಿಸ್ತಾರೆ. ಇಳಿಸ್ಬೇಕು ಲೋಕಣ್ಣ. ಆರು ಸಾಲು."

ದಾಮು ಆಕಾಶವನ್ನು ನೋಡಿದ. ಸುಗಂಧಿಯಕ್ಕ, "ಹಾಗಾದ್ರೆ ಊಟ ಎರಡು ಗಂಟೆಗೆ," ಎಂದು ಹೇಳಿ ಒಳಗೆ ಹೋದಳು.

"ಇಳಿಸ್ತೇವೆ," ಎಂದ ಲೋಕಣ್ಣ. ಧ್ವನಿಯಲ್ಲಿ ಚೆಂಡೆಯಿರಲಿಲ್ಲ. "ಇಳಿಸ್ತೇವೆ ಮೇಡಂ. ಒಂದೇ ಒಂದು ಕೇಳ್ತೇನೆ, ನಡೆಸಿಕೊಡಿ. ಅದು ಸಾರಿನ ಮೀನು, ಲೋಡಿನದ್ದಲ್ಲ ಅಲ್ವಾ. ಬಾಗಿಲಿಂದ ವಾಪಸ್ ಬಂತು ಅಂತ ಪುಸ್ತಕದಲ್ಲಿ ಬರೀಬೇಡಿ. ಇಪ್ಪತ್ತೆರಡು ವರ್ಷ ಆಯ್ತು."

ಶರಲ್ ಪುಸ್ತಕ ಬಿಚ್ಚಿ, ಪೆನ್ನಿನ ಮುಚ್ಚಳ ತೆಗೆದಳು.

"ಆಗುದಿಲ್ಲ."