ಮುಕ್ತಾರ ಹಿಡಿದ ನಡುನೀರಿನ ಮೀನು

"ಈ ರವಿವಾರ ನಮ್ಮ ಮನಿಗೆ ಪ್ಯಾಟಿ ಮೀನ ಬರಕೂಡದು. ನಾ ಹಿಡದು ತರ್ತೇನಿ, ನೀ ಬರೇ ಮಸಾಲಿ ಅರದಿಡು" ಎಂದು ಮುಕ್ತಾರ ಘೋಷಿಸಿದಾಗ ಅವನ ಹೆಂಡತಿ ಜೈನಬಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು.

"ಅರದಿಡ್ತೇನಿ. ಮೀನ ಬರದಿದ್ರ ಬದನಿಕಾಯಿಗೆ ಹಾಕಾಕ ಬರ್ತೈತಿ" ಎಂದಳು, ತಲೆ ಎತ್ತದೆ.

ಬಾಗಲಕೋಟೆಯ ನವನಗರದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ ಮುಕ್ತಾರ ಅಲ್ಲಿಯವರೆಗೆ ಕೈಯಲ್ಲಿ ಹಿಡಿದ ಜಲಚರಗಳೆಂದರೆ ಗಿರಾಕಿಗಳು ನೀರಿಗೆ ಬೀಳಿಸಿಕೊಂಡ ಫೋನುಗಳು ಮಾತ್ರ. ಆದರೆ ಇಳಕಲ್ಲಿನ ಮದುವೆಯೊಂದರಲ್ಲಿ ಜೈನಬಿಯ ಅಣ್ಣ ನಬಿಸಾಬನ ಬಡಾಯಿ ಕೇಳಿ ಕೇಳಿ ಅವನ ಕಿವಿ ತುಂಬಿತ್ತು. ಸೀರೆ ವ್ಯಾಪಾರದ ನಬಿಸಾಬ ತಾನು ಸುತ್ತಿದ ಊರುಗಳನ್ನು ಹೇಳಿ ಮುಗಿಸುವುದರೊಳಗೆ ಮುಕ್ತಾರ, "ಹಿನ್ನೀರಿನ ಮೀನ ನನ್ನ ಗಾಳಾ ಕಂಡ್ರ ಪಾಳಿ ಹಚ್ತಾವು" ಎಂದುಬಿಟ್ಟ. ನಬಿಸಾಬ ಕೂಡಲೇ ಕೈಕುಲುಕಿ, "ಹಂಗಾದ್ರ ರವಿವಾರ ಉಣ್ಣಾಕ ಬಂದೆ" ಎಂದ.

ಇನ್ನು ಮಾನ ಉಳಿಯಬೇಕಾದರೆ ಮೀನು ಬೀಳಬೇಕು. ಮುಕ್ತಾರ ಅಂಗಡಿಯಲ್ಲಿ ಕೂತು ಫೋನಿನಲ್ಲಿ ವಿಡಿಯೋಗಳನ್ನು ನೋಡಿ ನೋಡಿ ಪಂಡಿತನಾದ. ಗಾಳದ ದಾರಕ್ಕೆ ಒಂದು ಬೆಂಡು ಕಟ್ಟಿರುತ್ತಾರೆ. ಅದು ನೀರ ಮೇಲೆ ತೇಲುತ್ತದೆ. ಬೆಂಡಿನಿಂದ ಗಾಳದವರೆಗೆ ಎಷ್ಟು ದಾರ ಬಿಡುತ್ತೀರೋ ಅಷ್ಟು ಆಳದ ಮೀನು ನಿಮ್ಮದು. ಮೇಲ್ನೀರಿಗೆ ಗೇಣುದ್ದ, ನಡುನೀರಿಗೆ ಆಳುದ್ದ, ತಳದ ಮೀನಿಗೆ ಗಾಳ ಕೆಸರು ಮುಟ್ಟಬೇಕು. ಬೆಂಡು ಮುಳುಗಿತೋ, ಫಟ್ಟನೆ ಜಗ್ಗಬೇಕು. ಇಷ್ಟು ಸರಳ ವಿದ್ಯೆ ಇರುವಾಗ ಜನ ಯಾಕೆ ಸುಮ್ಮನೆ ಬಲೆ ಬೀಸುತ್ತಾರೋ ಎಂದು ಅವನಿಗೆ ಕನಿಕರವಾಯಿತು.

ಶನಿವಾರ ಸಂಜೆ ಮನೆಯ ಮುಂದೆ ನೆಲದೊಳಗಿದ್ದ ನೀರಿನ ಟಾಕಿಯಲ್ಲಿ ತಾಲೀಮು ಶುರುವಾಯಿತು. ಟಾಕಿಯಲ್ಲಿ ಮೀನಿರಲಿಲ್ಲ ಎಂಬುದೊಂದನ್ನು ಬಿಟ್ಟರೆ ಎಲ್ಲ ಅನುಕೂಲವೂ ಇತ್ತು. ಗೇಣುದ್ದ ಚಲೋ ಆಯಿತು. ಆಳುದ್ದವೂ ಆಯಿತು. ತಳಕ್ಕೆ ಬಿಟ್ಟಾಗ ಬೆಂಡು ಗುಳುಕ್ಕನೆ ಮುಳುಗಿತು. ಮುಕ್ತಾರ ವಿಡಿಯೋದಲ್ಲಿ ಹೇಳಿದಂತೆ ಫಟ್ಟನೆ ಜಗ್ಗಿದ. ಬರಲಿಲ್ಲ. ಎರಡೂ ಕಾಲು ಊರಿ ಮತ್ತೆ ಜಗ್ಗಿದ. ಬಂತು: ಮೋಟಾರಿನ ಪೈಪು, ಅದರ ತುದಿಯ ವಾಲ್ವು ಸಮೇತ ಮುರಿದುಕೊಂಡು.

ಜೈನಬಿ ಹೊರಗೆ ಬಂದು ಗಂಡನ ಬೇಟೆಯನ್ನು ನೋಡಿದಳು. "ಇದನ್ನ ಹುರೀಲೋ, ಸಾರ ಮಾಡ್ಲೋ?"

ಪ್ಲಂಬರ್ ಸೋಮವಾರ ಬರುತ್ತೇನೆಂದ. ನೀರು ಏರಿಸುವ ಪೈಪಿಲ್ಲದೆ ಮಾಳಿಗೆಯ ಮೇಲಿನ ಟಾಕಿ ಖಾಲಿ. ನೆಂಟ ಬರುವ ದಿನ ಜೈನಬಿ ಹಗ್ಗ ಕಟ್ಟಿ ಬಕೇಟಿನಿಂದ ನೀರು ಸೇದುತ್ತಿದ್ದರೆ, ಮುಕ್ತಾರ ಗಾಳದ ಕೋಲನ್ನು ಬೈಕಿಗೆ ಕಟ್ಟಿಕೊಂಡು ಹಿನ್ನೀರಿನ ದಂಡೆಗೆ ಹೊರಟ. ಹೆಂಡತಿಯ ಮುಖ ನೋಡುವುದಕ್ಕಿಂತ ಬೇಸಿಗೆಯ ಬಿಸಿಲೇ ತಂಪು ಎನಿಸಿತು.

ಮೇಲ್ನೀರಿನ ಸಣ್ಣ ಮೀನುಗಳು ಅವನ ಹಿಟ್ಟಿನುಂಡೆಯನ್ನು ಸಾವಕಾಶವಾಗಿ ತಿಂದು ಹೋದವು. ಬೆಂಡು ಒಂಚೂರೂ ಅಲ್ಲಾಡಲಿಲ್ಲ. ನಡುನೀರಿನಲ್ಲಿ ಅಲ್ಲಾಡಿತು. ಜಗ್ಗಿದ ರಭಸಕ್ಕೆ ಗಾಳ ಹಿಂದಕ್ಕೆ ಹಾರಿ ಅವನದೇ ಅಂಗಿಯ ಬೆನ್ನಿಗೆ ಸಿಕ್ಕಿತು. ಅಂಗಿ ಕಳಚಿ, ಗಾಳ ಬಿಡಿಸಿ, ಬನಿಯನ್ನಿನಲ್ಲೇ ನಿಂತು ಕೊನೆಯದಾಗಿ ತಳಕ್ಕೆ ಬಿಟ್ಟ. ಬೆಂಡು ಒಮ್ಮೆಲೇ ಮಾಯವಾಯಿತು. ಕೋಲು ಬಿಲ್ಲಿನಂತೆ ಬಾಗಿತು. ಮುಕ್ತಾರ ಎರಡೂ ಕೈಯಿಂದ ಜಗ್ಗಿದ. ಆದರೆ ಅದು ಮೀನಲ್ಲ, ಅಣೆಕಟ್ಟಿನ ನೀರಿನಲ್ಲಿ ಮುಳುಗಿದ ಹಳೇ ಬಾಗಲಕೋಟೆಯ ಯಾರದೋ ಗೋಡೆ. ಅವನ ಅಜ್ಜನ ಮನೆಯೂ ಅಲ್ಲೇ ಎಲ್ಲೋ ಇತ್ತು. ಮೊಮ್ಮಗನ ಆಟ ಸಾಕೆಂದು ಅಜ್ಜನೇ ಹಿಡಿದುಕೊಂಡನೋ ಏನೋ, ದಾರ ತುಂಡಾಗಿ ಬೆಂಡು ತನ್ನಷ್ಟಕ್ಕೆ ತಾನು ತೇಲುತ್ತ ಹೋಯಿತು.

ಅಷ್ಟರಲ್ಲಿ ಜೈನಬಿಯ ಫೋನು. "ಅಣ್ಣ ಬಂದಾನ. ಮೀನ ಎಲ್ಲಿ ಬಂದಾವು ಅಂತ ಕೇಳಾಕತ್ತಾನ."

"ದಾರ್ಯಾಗ ಅದಾವು" ಎಂದ ಮುಕ್ತಾರ. ಅದು ಖರೆಯಾಗುವಂತೆ, ದಾರಿಯಲ್ಲಿ ಮೋಟಾರ್‌ಸೈಕಲ್ಲಿಗೆ ಡಬ್ಬಿ ಕಟ್ಟಿಕೊಂಡು ಮೀನು ಮಾರುವವನೊಬ್ಬ ಸಿಕ್ಕ. ಮನೆಗೆ ಮೀನು ತರುತ್ತಿದ್ದವಳು ಯಾವಾಗಲೂ ಜೈನಬಿ; ಮುಕ್ತಾರನಿಗೆ ಮೀನೆಂದರೆ ತಾಟಿನಲ್ಲಿ ಕೆಂಪಗೆ ಇರುವ ಪದಾರ್ಥ. ಫಳಫಳ ಹೊಳೆಯುವವನ್ನೇ ಆರಿಸಿದ.

"ಹೆಚ್ಚಿ ಕೊಡ್ಲೇನ್ರಿ?"

"ಬ್ಯಾಡ, ಇಡೀವ ಇರ್ಲಿ" ಎಂದು ದಾರಕ್ಕೆ ಪೋಣಿಸಿ, ದಂಡೆಗೆ ಮರಳಿ ಹೋಗಿ ಹಿನ್ನೀರಿನಲ್ಲಿ ಅದ್ದಿ ತೆಗೆದ. ಕೈಗೆ ಸ್ವಲ್ಪ ಕೆಸರೂ ಸವರಿಕೊಂಡ. ಇಂಥ ಸೂಕ್ಷ್ಮಗಳು ವಿಡಿಯೋದಲ್ಲಿರಲಿಲ್ಲ, ಸ್ವಂತ ಪ್ರತಿಭೆ.

ಅಡುಗೆಮನೆಯಲ್ಲಿ ಜೈನಬಿ ಮೀನನ್ನೊಮ್ಮೆ, ಗಂಡನನ್ನೊಮ್ಮೆ ನೋಡಿದಳು. "ಯಾ ಆಳದಾಗ ಸಿಕ್ಕವು?"

"ನಡುನೀರಾಗ."

"ಭಾಳ ನಡುವ ಇರಬೇಕು" ಎಂದಷ್ಟೇ ಹೇಳಿ ಕತ್ತಿ ಹಿರಿದಳು.

ಊಟಕ್ಕೆ ಕೂತಾಗ ಮುಕ್ತಾರ ಗೇಣುದ್ದದಿಂದ ಹಿಡಿದು ಕೆಸರಿನವರೆಗೆ ಎಲ್ಲ ಆಳಗಳನ್ನೂ ವಿವರಿಸಿದ. ಕೋಲು ಬಿಲ್ಲಿನಂತೆ ಬಾಗಿದ್ದನ್ನು ಎರಡು ಸಲ ಹೇಳಿದ. ನಬಿಸಾಬ ಎರಡು ಹುರಿದ ಮೀನು ಮುಗಿಸುವವರೆಗೆ ಹೂಂಗುಟ್ಟಿ, ಮುಳ್ಳನ್ನು ತಾಟಿನ ಅಂಚಿಗೆ ಒಪ್ಪವಾಗಿ ಜೋಡಿಸಿದ.

"ಚಲೋ ಆಗ್ಯಾವು. ಆದ್ರ ಮುಕ್ತಾರ, ನಾ ಸೀರಿ ಮಾರಾಕ ಕಾರವಾರಕ್ಕ ಹೋಗ್ತಿರ್ತೇನಿ. ಇದು ಬಂಗಡಿ, ಸಮುದ್ರದ ಮೀನ. ನಮ್ಮ ಹೊಳಿ ಹರಿಯೂದು ಮೂಡಲಕ್ಕ, ಆ ಸಮುದ್ರ ಇರೂದು ಪಡುವಲಕ್ಕ. ಘಟ್ಟಾ ಏರಿ ಇಳದು, ನಿನ್ನ ಬೆಂಡು ಹುಡುಕ್ಕೋತ ಬಂದ್ವೇನು?"

ಮುಕ್ತಾರ ಕೈಯಲ್ಲಿದ್ದ ರೊಟ್ಟಿಯ ತುಂಡನ್ನು ತಾಟಿನಲ್ಲಿಟ್ಟ. ಸಹಾಯಕ್ಕಾಗಿ ಹೆಂಡತಿಯ ಕಡೆ ನೋಡಿದ. ಆಕೆ ಶಾಂತವಾಗಿ ನೀರಿನ ಲೋಟ ಮುಂದೆ ಸರಿಸಿದಳು.

"ಹಂಗ ಅನಬ್ಯಾಡ ಅಣ್ಣಾ, ಇವರು ಹಿನ್ನೀರಾಗ ಹಿಡದಾರ. ಹೆಚ್ಚೂವಾಗ ಕಿವಿರಿನ್ಯಾಗ ಇನ್ನೂ ಬರ್ಫ ಇತ್ತು. ಇಂಥಾ ಬ್ಯಾಸಗ್ಯಾಗೂ ನಡುನೀರಾಗ ಅಷ್ಟ ಥಂಡಿ ಇರ್ತೈತಿ ಅಂತ ನನಗ ಇವತ್ತ ಗೊತ್ತಾತು."

ನಬಿಸಾಬ ಬಹಳ ಗಂಭೀರವಾಗಿ ತಲೆಯಾಡಿಸಿದ. "ಮುಂದಿನ ಸಲ ಹೋಗೂವಾಗ ಒಂದು ಸ್ವೆಟರ್ ತಗೊಂಡ ಹೋಗು, ಮುಕ್ತಾರ. ನಿನಗಲ್ಲ, ಮೀನಿಗೆ."