ನೂರೆಪ್ಪತ್ತೆಂಟಕ್ಕೆ ಏರಿದ ಕಾದಂಬರಿ

ದವಾಖಾನೆಯ ಬೆಂಚಿನ ಮೇಲೆ ಕೂತು ಭಯಾನಕ ಕಾದಂಬರಿ ಓದಬಾರದು ಎಂದು ಯಾವ ಗೋಡೆಯ ಮೇಲೂ ಬರೆದಿರಲಿಲ್ಲ. ಉಗುಳಬಾರದು ಎಂದಿತ್ತು, ಚಪ್ಪಲಿ ಹೊರಗೆ ಬಿಡಿ ಎಂದಿತ್ತು, ತೂಕದ ಯಂತ್ರದ ಮೇಲೆ ಮಕ್ಕಳನ್ನು ಕುಣಿಸಬಾರದು ಎಂದೂ ಇತ್ತು. ಹಾಗಾಗಿ ಒಂಬತ್ತನೇ ನಂಬರ್ ಬಸ್ಸಿನ ಡ್ರೈವರು ತನ್ನ ಸರದಿ ಬರುವ ತನಕ ಹೊತ್ತು ಹೋಗಲೆಂದು ಚೀಲದಿಂದ ‘ಹದಿನಾಲ್ಕನೆಯ ಮೆಟ್ಟಿಲು’ ಎಂಬ ದಪ್ಪ ಪುಸ್ತಕವನ್ನು ತೆಗೆದ. ಎಡವಟ್ಟು ಶುರುವಾದದ್ದು ಅಲ್ಲಿಂದ.

ಅವನು ಬಂದಿದ್ದದ್ದು ಒಂದೇ ಒಂದು ಕಾಗದಕ್ಕೆ. ಈತ ಬಸ್ಸು ಓಡಿಸಲು ಯೋಗ್ಯ ಎಂದು ಡಾಕ್ಟರು ವರ್ಷಕ್ಕೊಮ್ಮೆ ಬರೆದುಕೊಡುವ ಸರ್ಟಿಫಿಕೇಟು. ನಾಳೆ ಮಾಡಿಸಿದರಾಯಿತು, ನಾಡಿದ್ದು ಮಾಡಿಸಿದರಾಯಿತು ಎಂದು ತಳ್ಳುತ್ತ ಬಂದು ಕೊನೆಯ ದಿನಕ್ಕೆ ತಲುಪಿದ್ದ. ಸಂಜೆ ಐದಕ್ಕೆ ಡಿಪೋದ ಕಿಟಕಿ ಮುಚ್ಚುವುದರೊಳಗೆ ಆ ಕಾಗದ ಕೊಡದಿದ್ದರೆ ನಾಳೆಯಿಂದ ಸ್ಟೀರಿಂಗ್ ಇಲ್ಲ. ಕೈಗೆ ನೀರಿನ ಪೈಪು ಕೊಟ್ಟು ಬಸ್ಸು ತೊಳೆಯುವ ಕಡೆಗೆ ಅಟ್ಟುತ್ತಾರೆ. ಅಲ್ಲಿಗೆ ಹೋದವರು ಮತ್ತೆ ಸ್ಟೀರಿಂಗ್ ಹಿಡಿದದ್ದನ್ನು ಡಿಪೋದಲ್ಲಿ ಕಂಡವರು ಕಡಿಮೆ.

ಜೊತೆಗೆ ಬಂದಿದ್ದ ಅವನ ಬಸ್ಸಿನ ಕಂಡಕ್ಟರು ಪಕ್ಕದಲ್ಲಿ ಮೊಬೈಲು ಉಜ್ಜುತ್ತಿದ್ದ. ವಾರಕ್ಕೆರಡು ಸಿನಿಮಾ ನೋಡದಿದ್ದರೆ ಅವನಿಗೆ ಟಿಕೆಟ್ ಹರಿಯುವ ಕೈಯೇ ಏಳುತ್ತಿರಲಿಲ್ಲ.

“ಅಣ್ಣಾ, ಇದನ್ನ ಇನ್ನೂ ಓದ್ತಾ ಇದೀಯಾ? ಸಿನಿಮಾ ಬಂದು ಎರಡು ವರ್ಷ ಆಯ್ತು. ಎರಡು ಗಂಟೇಲಿ ಮುಗಿಯೋದಕ್ಕೆ ಎರಡು ತಿಂಗಳು ಯಾಕೆ ಕಣ್ಣು ನೋಯಿಸ್ಕೊಳ್ತೀಯಾ?”

ಡ್ರೈವರು ಪುಟ ತಿರುವಿದ. ಕಾದಂಬರಿಯ ಹೆಂಗಸು ಆಗಷ್ಟೇ ಹಾಲಿನ ಪಾತ್ರೆ ಹಿಡಿದು ಮಹಡಿ ಇಳಿಯತೊಡಗಿದ್ದಳು. ಅವನ ಬಾಯಿ ಒಣಗಿತ್ತು, ಬೆನ್ನು ಬೆವೆತಿತ್ತು. ಅಷ್ಟರಲ್ಲಿ ನರ್ಸಮ್ಮ ಹಿಂದಿನಿಂದ ಬಂದು “ನಿಮ್ಮ ನಂಬರ್ರು!” ಎಂದು ಹೆಗಲು ಮುಟ್ಟಿದಳು. ಅವನು ಕೂತಲ್ಲಿಂದ ಒಂದು ಗೇಣು ಮೇಲಕ್ಕೆ ಹಾರಿದ.

ಒಳಗೆ ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ, ಬಿಪಿ ಯಂತ್ರದತ್ತ ನೋಡಿ, ಕನ್ನಡಕ ಒರೆಸಿ ಮತ್ತೆ ನೋಡಿದರು.

“ನೂರೆಪ್ಪತ್ತೆಂಟು! ಏನ್ರೀ ಇದು? ಈ ಬಿಪಿ ಇಟ್ಕೊಂಡು ಅರವತ್ತು ಜನಾನ ಕೂರಿಸ್ಕೊಂಡು ಹೋಗ್ತೀರಾ? ನಾನು ಸೈನ್ ಹಾಕಲ್ಲ.”

“ಸಾರ್, ಇದು ನನ್ನ ಬಿಪಿ ಅಲ್ಲ.”

“ಮತ್ತೆ ಯಾರದು? ನಂದಾ?”

“ಪುಸ್ತಕದ್ದು ಸಾರ್. ಎರಡನೇ ಸಲ ಓದ್ತಾ ನೂರಾ ಐದನೇ ಪುಟದಲ್ಲಿದ್ದೆ.” ಡ್ರೈವರು ಕಂಕುಳಲ್ಲಿದ್ದ ಕಾದಂಬರಿಯನ್ನು ಮೇಜಿನ ಮೇಲಿಟ್ಟ. ಕಳುವಾದ ಮಾಲನ್ನು ತಾನೇ ತಂದೊಪ್ಪಿಸಿದವನ ಮುಖವಾಗಿತ್ತು ಅವನದು.

ಡಾಕ್ಟರು ಹೊಟ್ಟೆ ಹಿಡಿದು ನಕ್ಕರು. “ಇದರ ಸಿನಿಮಾನ ನಾನು ಮೂರು ಸಲ ನೋಡಿದೀನಿ ಕಣ್ರೀ. ಅಂಥಾ ಸಿನಿಮಾ ನೋಡಿದ್ರೇ ಬಿಪಿ ಹೆಚ್ಚೆಂದ್ರೆ ನೂರೈವತ್ತಕ್ಕೆ ಹೋದೀತು. ಇನ್ನು ಬರೀ ಅಕ್ಷರ ನೋಡಿ ನೂರೆಪ್ಪತ್ತೆಂಟಾ?”

ಜಾಣನಾದವನು ಅಲ್ಲಿ ಹಲ್ಲು ಕಿರಿದು, ‘ಹೌದು ಸಾರ್, ಅರ್ಧ ಗಂಟೆ ಬಿಟ್ಟು ಇನ್ನೊಮ್ಮೆ ನೋಡಿ’ ಎಂದು ಕೈಮುಗಿಯುತ್ತಿದ್ದ. ಡ್ರೈವರು ಎದೆ ಸೆಟೆಸಿ ನಿಂತ.

“ಸಿನಿಮಾ ಹೆದರಿಸಲ್ಲ ಸಾರ್. ಬೆಚ್ಚಿ ಬೀಳಿಸುತ್ತೆ, ಅಷ್ಟೇ. ಹಿಂದಿನಿಂದ ಯಾರಾದ್ರೂ ತಟ್ಟೆ ಬೀಳಿಸಿದ್ರೂ ಬೆಚ್ಚಿ ಬೀಳ್ತೀವಿ. ಅದನ್ನ ಭಯ ಅಂತಾರಾ?”

ಡಾಕ್ಟರ ನಗು ನಿಂತಿತು. ಮೂರು ಸಲ ನೋಡಿದ ಸಿನಿಮಾವನ್ನು ಬಿದ್ದ ತಟ್ಟೆಗೆ ಹೋಲಿಸಿದರೆ ಯಾರಿಗೆ ತಾನೇ ಹಿಡಿಸೀತು? “ಆಯ್ತು, ನೋಡೇ ಬಿಡೋಣ. ಸಿನಿಮಾ ಹಾಕಿ ನಿಮ್ಮ ಬಿಪಿ ನೋಡೋಣ. ಅದು ಇಳಿದ್ರೆ ನಿಮ್ಮ ಮಾತು ನಿಜ, ಸೈನ್ ಹಾಕ್ತೀನಿ. ಏರಿದ್ರೆ ಮಾತ್ರೆ ಬರ್ಕೊಡ್ತೀನಿ, ಮೂರು ತಿಂಗಳು ಬಸ್ಸಿನ ಆಸೆ ಬಿಡಿ.”

ಕಂಡಕ್ಟರಿಗೆ ಹಿಗ್ಗೋ ಹಿಗ್ಗು. ಸಿನಿಮಾ ಅವನ ಮೊಬೈಲಿನಲ್ಲೇ ಇತ್ತು. ಉಳಿದ ರೋಗಿಗಳನ್ನೆಲ್ಲ ನೋಡಿ ಮುಗಿಸಿ, ಮೂರು ಗಂಟೆಯ ಹೊತ್ತಿಗೆ ಡಾಕ್ಟರು ಪರೀಕ್ಷೆಗೆ ಕೂತರು. ಔಷಧಿಯ ಡಬ್ಬಿಗೆ ಒರಗಿಸಿ ಮೊಬೈಲು ನಿಲ್ಲಿಸಿದ್ದಾಯಿತು. ಡ್ರೈವರ ತೋಳಿಗೆ ಪಟ್ಟಿ. ನರ್ಸಮ್ಮ ಹತ್ತತ್ತು ನಿಮಿಷಕ್ಕೆ ಅಂಕಿ ಬರೆಯಲು ಸಜ್ಜಾದಳು. ಮಂಡಿನೋವಿಗೆ ಸೂಜಿ ಚುಚ್ಚಿಸಿಕೊಂಡು, ಮಗ ಬಂದು ಕರೆದೊಯ್ಯಲೆಂದು ಕಾಯುತ್ತಿದ್ದ ಒಬ್ಬ ಅಜ್ಜಿ ತಾನೇ ಕುರ್ಚಿ ಎಳೆದುಕೊಂಡು ಮುಂದೆ ಬಂದು ಕೂತಳು.

“ಅಜ್ಜಿ, ನಿಮಗೆ ಹೆದರಿಕೆ ಆಗಲ್ವಾ?” ಎಂದಳು ನರ್ಸಮ್ಮ.

“ಎಪ್ಪತ್ತಾರು ವರ್ಷ ಆಯ್ತು, ಮೂರು ಸೊಸೇರು. ಹಾಕು ಮಗಾ, ನೋಡೋಣ.”

ಸಿನಿಮಾ ಶುರುವಾಯಿತು. ಗಾಳಿ ಬೀಸಿತು, ಕಿಟಕಿ ಬಡಿಯಿತು, ನಗಾರಿ ಮೊಳಗಿತು. ಕಂಡಕ್ಟರು ಮೂರು ಸಲ ಕಣ್ಣು ಮುಚ್ಚಿಕೊಂಡ. ಡಾಕ್ಟರು ಮುಂದೆ ಬರುವುದನ್ನೆಲ್ಲ ಬಾಯಿಪಾಠ ಮಾಡಿದವರಂತೆ “ಈಗ ನೋಡಿ, ಈಗ ನೋಡಿ” ಎನ್ನುತ್ತ ತಾವೇ ಕುರ್ಚಿಯ ಹಿಡಿ ಒತ್ತಿದರು. ಮುಕ್ಕಾಲು ಗಂಟೆಯ ಹೊತ್ತಿಗೆ ಆ ಹದಿನಾಲ್ಕನೆಯ ಮೆಟ್ಟಿಲ ಮೇಲೆ ಕೆಂಪು ಕಣ್ಣಿನ, ಗೋಣಿಯ ನಾರಿನಂಥ ಕೂದಲಿನ ಆಕೃತಿಯೊಂದು ಎದ್ದು ಗಂಟಲು ಹರಿಯುವಂತೆ ಕೂಗಿತು.

“ಪಾಪ, ಎಣ್ಣೆ ಕಾಣದ ತಲೆ,” ಎಂದಳು ಅಜ್ಜಿ.

ಎಲ್ಲರೂ ಡ್ರೈವರತ್ತ ತಿರುಗಿದರು. ನೋಡಿದರೆ ನಿದ್ದೆ ಹೋಗಿದ್ದ. ಮೂರೂ ಮುಕ್ಕಾಲಕ್ಕೆ ಸರಿಯಾಗಿ ಯಂತ್ರ ತೋರಿಸಿದ್ದು ನೂರಾ ಹದಿನಾರು.

“ನೂರಾ ಹದಿನಾರು!” ನರ್ಸಮ್ಮ ಓದಿ ಹೇಳಿದಳು. ಅಷ್ಟು ಒಳ್ಳೆಯ ಬಿಪಿ ಆ ದವಾಖಾನೆಯಲ್ಲಿ ಆ ವಾರ ಯಾರಿಗೂ ಬಂದಿರಲಿಲ್ಲ.

ಡಾಕ್ಟರು ಮಾತಿಗೆ ತಪ್ಪುವವರಲ್ಲ. ಮುಖ ಗಂಟಿಕ್ಕಿಕೊಂಡೇ ಸರ್ಟಿಫಿಕೇಟು ಬರೆದರು. ಹೆಸರು, ವಯಸ್ಸು, ಕಣ್ಣು, ಕಿವಿ ಎಲ್ಲ ತುಂಬಿ ಪೆನ್ನನ್ನು ಸೈನಿನ ಜಾಗಕ್ಕೆ ತಂದರು. ತಂದು, ಒಂದು ಮಾತು ಜಾರಿಸಿದರು: “ನಿದ್ದೆ ಬಂತು ಅಂದ್ರೆ ಸಿನಿಮಾ ತಪ್ಪಲ್ಲ. ನಿಮಗೆ ನರ ಮಂದ. ಪುಸ್ತಕದಲ್ಲಿ ಅಂಥಾದ್ದೇನೂ ಇರೋಕೆ ಸಾಧ್ಯ ಇಲ್ಲ.”

ಕಂಡಕ್ಟರು ಡ್ರೈವರ ಕಾಲನ್ನು ತುಳಿದ. ಸೈನ್ ಆಗಲಿ, ಆಮೇಲೆ ಮಾತಾಡು ಎಂಬುದು ಆ ತುಳಿತದ ಅರ್ಥ. ಡ್ರೈವರು ಕಾಲು ಕಿತ್ತುಕೊಂಡ.

“ಒಂದು ಪುಟ ಓದ್ತೀನಿ ಸಾರ್. ಒಂದೇ ಪುಟ. ಆಮೇಲೆ ಈ ಮಾತು ಹೇಳಿ.”

“ಓದ್ರೀ, ಕೇಳೇ ಬಿಡ್ತೀನಿ!”

ಡ್ರೈವರ ಅಪ್ಪ ಮನೆಯಲ್ಲಿ ದಿನಾ ಪದ್ಯಗಳನ್ನು ರಾಗವಾಗಿ ಓದುತ್ತಿದ್ದವರು. ಎಲ್ಲಿ ದನಿ ಇಳಿಸಬೇಕು, ಎಲ್ಲಿ ಉಸಿರು ಹಿಡಿದು ಕೇಳುವವರನ್ನು ಕಾಯಿಸಬೇಕು ಎಂಬುದು ಮಗನಿಗೆ ಕಲಿಸದೆಯೇ ಬಂದಿತ್ತು. ಅವನು ಗಂಟಲು ಸರಿಮಾಡಿಕೊಳ್ಳಲೂ ಇಲ್ಲ. ಪಕ್ಕದ ಮನೆಯ ಸುದ್ದಿ ಹೇಳುವವನಂತೆ ಮೆಲ್ಲಗೆ ಓದಿದ.

“ಆ ಮನೆಗೆ ಹದಿಮೂರು ಮೆಟ್ಟಿಲು. ಇಳಿಯುವಾಗ ಬಾಯಿಬಿಟ್ಟು ಎಣಿಸುವುದು ಅವಳ ರೂಢಿ. ಹನ್ನೊಂದು ಎಂದಳು. ಹನ್ನೆರಡು ಎಂದಳು. ಹದಿಮೂರು ಎಂದು ನೆಲಕ್ಕೆ ಕಾಲಿಟ್ಟಳು. ನೆಲ ಸಿಗಲಿಲ್ಲ. ಇನ್ನೊಂದು ಮೆಟ್ಟಿಲು ಸಿಕ್ಕಿತು. ಅದು ಬೆಚ್ಚಗಿತ್ತು. ಈಗಷ್ಟೇ ಯಾರೋ ಎದ್ದುಹೋದ ಕುರ್ಚಿಯ ಹಾಗೆ. ಅವಳು ಕಾಲು ಅಲುಗಿಸಲಿಲ್ಲ. ಬಾಯಿ ತೆರೆಯಲಿಲ್ಲ. ಆದರೂ ಕೆಳಗಿನಿಂದ, ಅವಳದೇ ದನಿಯಲ್ಲಿ, ಎಣಿಕೆ ಮುಂದುವರಿಯಿತು. ಹದಿನಾಲ್ಕು.”

ಅಷ್ಟಕ್ಕೆ ನಿಲ್ಲಿಸಿದ.

ಹಾಡುಹಗಲಿನ ನಾಲ್ಕು ಗಂಟೆ, ಹೊರಗೆ ರಸ್ತೆಯಲ್ಲಿ ಗಾಡಿಗಳ ಗಲಾಟೆ, ಆದರೂ ನರ್ಸಮ್ಮ ತಾನು ಕೂತಿದ್ದ ಕುರ್ಚಿಯನ್ನು ಮೆಲ್ಲಗೆ ಮುಟ್ಟಿ ನೋಡಿಕೊಂಡಳು. ಅದು ಬೆಚ್ಚಗೇ ಇತ್ತು. ಧಡಕ್ಕನೆ ಎದ್ದು ನಿಂತಳು. ಕಂಡಕ್ಟರು ಅಜ್ಜಿಯ ಕೈ ಹಿಡಿದುಕೊಂಡಿದ್ದ. ಮೂರು ಸೊಸೆಯರಿಗೆ ಹೆದರದ ಅಜ್ಜಿ ಅವನ ಕೈಯನ್ನು ಬಿಡಲೂ ಇಲ್ಲ. “ದೇವರೇ, ನಮ್ಮನೇಲೂ ಮೆಟ್ಟಿಲಿದೆ ಕಣೋ,” ಎಂದಳು.

ಡಾಕ್ಟರು ತುಟಿ ನೆಕ್ಕಿಕೊಂಡರು. “ಆಮೇಲೆ... ಆಮೇಲೆ ಏನಾಗುತ್ತೆ?”

“ಅದೇನು ಅಂತ ಪುಸ್ತಕದಲ್ಲಿ ಎಲ್ಲೂ ಹೇಳಿಲ್ಲ ಸಾರ್.”

“ಹೇಳಲ್ವಾ?”

“ಹೇಳಲ್ಲ. ಯೋಚನೆ ಮಾಡೋ ಕೆಲಸ ನಿಮಗೇ ಬಿಟ್ಟಿದಾರೆ.”

ಇದು ಎಲ್ಲಕ್ಕಿಂತ ಕೆಟ್ಟ ಸುದ್ದಿಯಾಗಿತ್ತು. ಡಾಕ್ಟರ ಹಣೆಯಲ್ಲಿ ಬೆವರು ಸಾಲುಗಟ್ಟಿತು. ನರ್ಸಮ್ಮ ಕೇಳದೆಯೇ ಪಟ್ಟಿಯನ್ನು ಅವರ ತೋಳಿಗೆ ಸುತ್ತಿ, ಗಾಳಿ ಒತ್ತಿ, ಅಂಕಿಯನ್ನು ಮನಸ್ಸಿನಲ್ಲೇ ಓದಿಕೊಂಡು, ಒಂದು ಲೋಟ ನೀರು ತಂದುಕೊಟ್ಟಳು. ಡಾಕ್ಟರು ಗಟಗಟ ಕುಡಿದು, ಸೈನ್ ಹಾಕಿದರು. ಪೆನ್ನು ಕಾಗದದ ಮೇಲೆ ಮಳೆಯಲ್ಲಿ ನೆನೆದ ಕೋಳಿಯಂತೆ ನಡುಗಿತು.

“ತಗೊಂಡು ಹೋಗ್ರೀ. ಪುಸ್ತಕ ಇಲ್ಲೇ ಬಿಟ್ಟು ಹೋಗಿ,” ಎಂದರು. ಹೇಳಿದ್ದು ಅಪ್ಪಣೆಯಂತೆ, ಕೇಳಿಸಿದ್ದು ಬೇಡಿಕೆಯಂತೆ.

ಡ್ರೈವರು ಕುಣಿದುಕೊಂಡು ಹೊರಬಂದ. ದಾರಿಯುದ್ದಕ್ಕೂ ಆ ನಡುಗುವ ಸೈನನ್ನು ಕಂಡಕ್ಟರಿಗೆ ತೋರಿಸಿದ್ದೇ ತೋರಿಸಿದ್ದು. “ನೋಡೋ! ಇದು ಗೆಲುವು ಅಂದ್ರೆ. ಇದನ್ನ ಕಟ್ಟು ಹಾಕ್ಸಿ ಗೋಡೆಗೆ ತೂಗುಹಾಕ್ಬೇಕು. ನಿನ್ನ ಸಿನಿಮಾ ಯಾವ ಡಾಕ್ಟ್ರ ಕೈ ನಡುಗಿಸಿದೆ ಹೇಳು?”

“ಅಣ್ಣಾ, ಮೊದ್ಲು ಕಿಟಕಿ ಮುಚ್ಚೋದ್ರೊಳಗೆ ತಲುಪೋಣ.”

ಅವರು ಡಿಪೋ ತಲುಪಿದಾಗ ಐದಕ್ಕೆ ಹತ್ತು ನಿಮಿಷ ಇತ್ತು. ಕಿಟಕಿಯೊಳಗಿನ ಗುಮಾಸ್ತರು ಕಾಗದ ತೆಗೆದುಕೊಂಡು, ಹಳೆಯ ಕಡತದಿಂದ ಹೋದ ವರ್ಷದ ಸರ್ಟಿಫಿಕೇಟು ತೆಗೆದು, ಎರಡನ್ನೂ ಅಕ್ಕಪಕ್ಕ ಇಟ್ಟರು. ಹೋದ ವರ್ಷದ ಸೈನು ಮುತ್ತು ಪೋಣಿಸಿದಂತಿತ್ತು. ಈ ವರ್ಷದ್ದು ಮುತ್ತಿನ ಸರ ಹರಿದು ಚೆಲ್ಲಿದಂತಿತ್ತು.

“ಇದು ಡಾಕ್ಟ್ರ ಸೈನ್ ಅಲ್ಲ.”

“ಅವರದ್ದೇ ಸಾರ್! ನನ್ನ ಕಣ್ಣೆದುರೇ ಹಾಕಿದ್ರು!”

“ಬಸ್ಸು ಓಡ್ತಿದ್ದಾಗ ಹಾಕಿದ್ರಾ? ನೀವೇ ಗೀಚ್ಕೊಂಡು ಬಂದಿದೀರಿ.” ಗುಮಾಸ್ತರು ಫೋನು ಎತ್ತಿ ದವಾಖಾನೆಗೆ ಕರೆ ಮಾಡಿದರು. ಗಂಟೆ ಹೊಡೆದೂ ಹೊಡೆದೂ ಸುಮ್ಮನಾಯಿತು. ಡಾಕ್ಟರು ಬಹುಶಃ ನೂರಿಪ್ಪತ್ತನೇ ಪುಟ ದಾಟಿದ್ದರು. ಅದನ್ನು ದಾಟಿದವರು ಫೋನು ಬಡಿದುಕೊಂಡರೆ ಎತ್ತುವುದಿಲ್ಲ, ಮಂಚದ ಕೆಳಗೆ ಸೇರುತ್ತಾರೆ.

ಡ್ರೈವರು ನಡೆದದ್ದನ್ನೆಲ್ಲ ಹೇಳಿದ. ಒಂದಕ್ಷರ ಬಿಡದೆ ಹೇಳಿದ. ಗುಮಾಸ್ತರು ಗಲ್ಲಕ್ಕೆ ಕೈಕೊಟ್ಟು ಕೇಳಿದರು.

“ಹದಿನಾಲ್ಕನೆಯ ಮೆಟ್ಟಿಲಾ? ಅಯ್ಯಪ್ಪಾ, ಅದನ್ನ ನೋಡಿ ನನಗೇ ಮೂರು ದಿನ ಜ್ವರ ಬಂದಿತ್ತು ಕಣ್ರೀ! ಆ ಕೂದಲು, ಆ ಕಣ್ಣು! ಅದನ್ನ ನೋಡಿದ್ರೆ ಯಾರ ಕೈಯಾದ್ರೂ ನಡುಗುತ್ತೆ, ಒಪ್ಕೋತೀನಿ. ಡಾಕ್ಟ್ರು ಸಿನಿಮಾ ನೋಡ್ತಾ ಇದ್ರು, ಅದಕ್ಕೇ ಕೈ ನಡುಗ್ತು ಅನ್ನಿ. ಈಗಲೇ ಸೀಲು ಹೊಡೀತೀನಿ.”

“ನೋಡಿದ್ರು ಸಾರ್, ನೋಡಿದ್ರು!” ಕಂಡಕ್ಟರು ಕಿಟಕಿಗೆ ಮುಖ ತುರುಕಿದ. “ನನ್ನ ಮೊಬೈಲಲ್ಲೇ ನೋಡಿದ್ರು! ನಾನೇ ಸಾಕ್ಷಿ!”

“ಡ್ರೈವರೇ ಹೇಳ್ಲಿ. ಸರ್ಟಿಫಿಕೇಟು ಅವರದ್ದು.” ಗುಮಾಸ್ತರು ಸೀಲನ್ನು ಮಸಿಗೆ ಒತ್ತಿ ಎತ್ತಿ ಹಿಡಿದರು. “ಏನ್ರೀ? ಸಿನಿಮಾ ನೋಡೇ ನಡುಗಿದ್ದು ತಾನೇ?”

ಗೋಡೆಯ ಗಡಿಯಾರದಲ್ಲಿ ಐದಕ್ಕೆ ನಾಲ್ಕು ನಿಮಿಷ. ಹಿಂದೆ ಅಂಗಳದಲ್ಲಿ ಒಂಬತ್ತನೇ ನಂಬರ್ ಬಸ್ಸು ನಿಂತಿತ್ತು. ಹನ್ನೊಂದು ವರ್ಷ ಅವನ ಕೈ ಹಿಡಿದು ಹಿಡಿದು ಅದರ ಸ್ಟೀರಿಂಗ್ ಒಂದು ಕಡೆ ನುಣುಪಾಗಿತ್ತು. ಆಚೆ ಮೂಲೆಯಲ್ಲಿ, ತೊಳೆಯುವ ಜಾಗದಲ್ಲಿ, ನೀರಿನ ಪೈಪು ಸುರುಳಿ ಸುತ್ತಿ ಬಿದ್ದಿತ್ತು.

“ಹೂಂ ಅನ್ನಣ್ಣಾ,” ಕಂಡಕ್ಟರು ಕಿವಿಯಲ್ಲಿ ಅಳುವ ದನಿಯಲ್ಲಿ ಉಸುರಿದ. “ನಿನ್ನ ಕಾಲು ಹಿಡ್ಕೋತೀನಿ. ಒಂದೇ ಒಂದು ಹೂಂ. ಪುಸ್ತಕಕ್ಕೇನು ನೋವಾಗುತ್ತಾ?”

ಡ್ರೈವರು ಹೂಂ ಎನ್ನಲು ಬಾಯಿಯನ್ನೂ ತೆರೆದ. ತೆರೆದ ಬಾಯಿಯ ಮುಂದೆ ಗೋಣಿನಾರಿನ ಕೂದಲು ಕೆದರಿಕೊಂಡ ಆ ಆಕೃತಿ ಬಂದು ನಿಂತಿತು. ಅದಕ್ಕೆ ಸೋತೆ ಎಂದು ಒಪ್ಪಿಕೊಳ್ಳುವುದೇ?

“ಇಲ್ಲ ಸಾರ್. ಸಿನಿಮಾ ನೋಡುವಾಗ ಅವರ ಕೈ ಸರಿಯಾಗೇ ಇತ್ತು. ನಡುಗಿಸಿದ್ದು ಪುಸ್ತಕ.”

ಕಂಡಕ್ಟರು ಹಣೆ ಚಚ್ಚಿಕೊಂಡ. ಗುಮಾಸ್ತರು ಸೀಲನ್ನು ಕೆಳಗಿಟ್ಟು, ತೊಳೆಯುವ ಕಡೆಗೆ ಕಳಿಸುವ ಫಾರಮ್ಮು ಎಳೆದುಕೊಂಡರು. ಹೆಸರು ಬರೆದರು, ನಂಬರು ಬರೆದರು. ‘ಸ್ಟೀರಿಂಗಿನಿಂದ ತೆಗೆದದ್ದಕ್ಕೆ ಕಾರಣ’ ಎಂಬಲ್ಲಿಗೆ ಬಂದು ತಡೆದರು. ಎರಡು ಸಲ ತಲೆ ಕೆರೆದುಕೊಂಡು, ಕಡೆಗೆ ‘ಕಾದಂಬರಿ’ ಎಂದಷ್ಟೇ ಬರೆದು ಕಿಟಕಿಯಿಂದ ಹೊರಗೆ ತಳ್ಳಿದರು.

“ಓದಿ ಸೈನ್ ಹಾಕಿ.”

ಡ್ರೈವರು ನಿಧಾನವಾಗಿ ಓದಿದ. ಓದಿ, ಫಾರಮ್ಮನ್ನು ಹಿಂದಕ್ಕೆ ತಳ್ಳಿದ.

“ತಪ್ಪಿದೆ ಸಾರ್. ‘ಭಯಾನಕ ಕಾದಂಬರಿ’ ಅಂತ ಬರೀರಿ. ಇಲ್ದಿದ್ರೆ ನಾನು ಸೈನ್ ಹಾಕಲ್ಲ.”