ಹನ್ನೆರಡು ಜೀನ್‌ಗಳ ಅಮಾನತು

ಕರುಳಿನ ಉರಿಯೂತ ಸಂಶೋಧನಾ ಸಂಸ್ಥೆಯ ವ್ಯಾಪ್ತಿಯಲ್ಲಿ ಯಾವುದೇ ಜೀನ್ (ವಂಶವಾಹಿ) ಮೇಲಧಿಕಾರಿಗಳ ಲಿಖಿತ ಪೂರ್ವಾನುಮತಿಯಿಲ್ಲದೆ ಅಭಿವ್ಯಕ್ತಿಗೊಳ್ಳತಕ್ಕದ್ದಲ್ಲ. ಈ ಆದೇಶವನ್ನು ಬೆರಳಚ್ಚು ಮಾಡಿದವನು ಟಪಾಲು ಗುಮಾಸ್ತನಾದ ನಾನೇ. ಕಾಗುಣಿತ ಸರಿಯಿದೆ, ಮಿಕ್ಕಿದ್ದಕ್ಕೆ ನಾನು ಹೊಣೆಯಲ್ಲ.

ಪ್ರಕರಣದ ಹಿನ್ನೆಲೆ ಹೀಗಿದೆ. ಎದುರು ರಸ್ತೆಯ ಟೈಲರಮ್ಮನ ಕರುಳಿನ ಚೂರೊಂದನ್ನು ಪರೀಕ್ಷಿಸಿದ ವಿಜ್ಞಾನಿ ಮೇಡಂ, ‘ಹನ್ನೆರಡು ಜೀನ್‌ಗಳ ಅಭಿವ್ಯಕ್ತಿ ಮಿತಿಮೀರಿದೆ, ಕೂಡಲೇ ಔಷಧ ಮಂಜೂರು ಮಾಡಬೇಕು’ ಎಂದು ವರದಿ ಬರೆದರು. ಉಗ್ರಾಣ ನಿಗಮದಿಂದ ಬಡ್ತಿ ಪಡೆದು ಬಂದಿದ್ದ ನಿರ್ದೇಶಕರು ಅದನ್ನು ಎರಡು ಸಲ ಓದಿದರು.

“ಮಿತಿಮೀರಿದೆ ಅಂದ್ರೆ? ಯಾರ ಮೇಲೆ ದೂರು ಹೇಳ್ತಿವೆ?”

“ದೂರಲ್ಲ ಸಾರ್. ಅತಿಯಾಗಿ ಕೆಲಸ ಮಾಡ್ತಿವೆ, ಅದಕ್ಕೇ ಕರುಳು ಊದಿಕೊಂಡಿದೆ.”

“ಅತಿಯಾಗಿ ಕೆಲಸಾನಾ? ನಮ್ಮ ಸಂಸ್ಥೆಯಲ್ಲಾ? ಯಾರನ್ನ ಕೇಳಿ?”

ಹನ್ನೆರಡೂ ಜೀನ್‌ಗಳಿಗೆ ಕಾರಣ ಕೇಳಿ ನೋಟಿಸ್ ಹೋಯಿತು. ವಿಳಾಸ: ದೊಡ್ಡ ಕರುಳು, ಟೈಲರಮ್ಮನ ಒಳಗೆ. ಗಡುವು ಏಳು ದಿನ.

ಟೈಲರಮ್ಮ ಲಕೋಟೆಗಳನ್ನು ಹಿಡಿದುಕೊಂಡು ನನ್ನ ಕಿಟಕಿಗೆ ಬಂದರು. ಮೂರು ತಿಂಗಳಲ್ಲಿ ತಮ್ಮ ಬಟ್ಟೆಯನ್ನೇ ಮೂರು ಸಲ ಚಿಕ್ಕದು ಮಾಡಿ ಹೊಲಿದುಕೊಂಡಿದ್ದಾರೆ, ಪಾಪ.

“ಅಣ್ಣಾ, ಒಂದು ಗುಂಡಿ ಹೊಲಿಯೋದ್ರೊಳಗೆ ನಾಲ್ಕು ಸಲ ಎದ್ದು ಓಡ್ತೀನಿ. ರಕ್ತ ಹೋಗ್ತಿದೆ. ಔಷಧ ಯಾವಾಗ?”

“ಮೊದಲು ನೋಟಿಸ್‌ಗೆ ಉತ್ತರ ಬರಲಿ ಅಕ್ಕ.”

“ಯಾರ ಕೈಲಿ ಬರೆಸಲಿ?”

“ಕರುಳಿನ ಕೈಲೇ.”

“ಅಯ್ಯೋ, ಕರುಳಿಗೆ ಕೈ ಎಲ್ಲಿಂದ ತರ್ಲಿ?”

ನನ್ನ ಕರುಳು ಚುರ್ ಎಂದಿತು. ಅದೂ ಅನುಮತಿಯಿಲ್ಲದೆ! ಒಂದು ಲೋಟ ನೀರು ಕುಡಿದು ಅದನ್ನು ಶಿಸ್ತಿಗೆ ತಂದೆ.

ಉತ್ತರ ಬರಲಿಲ್ಲ. ಮೌನಂ ಸಮ್ಮತಿ ಲಕ್ಷಣಂ ಎಂದು ನಿರ್ದೇಶಕರು ಹನ್ನೆರಡನ್ನೂ ಅಮಾನತುಗೊಳಿಸಿದರು. ಅಮಾನತಿನಲ್ಲಿರುವವರು ಕೆಲಸ ಮಾಡುವಂತಿಲ್ಲ. ಅವು ಕೆಲಸ ಮಾಡದ ಮೇಲೆ ಉರಿಯೂತವಿಲ್ಲ, ಉರಿಯೂತವಿಲ್ಲದವರಿಗೆ ಔಷಧ ಕೊಡುವುದು ದುರುಪಯೋಗ. ವಿಚಾರಣೆ ಮುಗಿಯುವವರೆಗೆ ಸದರಿ ಜೀನ್‌ಗಳು ಕೇಂದ್ರಸ್ಥಾನವಾದ ಟೈಲರಮ್ಮನನ್ನು ಬಿಟ್ಟು ಹೋಗತಕ್ಕದ್ದಲ್ಲ ಎಂದೂ ಷರತ್ತು ಹಾಕಲಾಯಿತು. ಮೇಡಂ ಹಲ್ಲು ಕಚ್ಚಿಕೊಂಡು ಸಹಿ ಮಾಡಿದರು; ಅವರ ಬಡ್ತಿಯ ಕಡತವೂ ಅದೇ ಮೇಜಿನ ಮೇಲಿತ್ತು.

ಗುಣಮುಖ ಪ್ರಮಾಣಪತ್ರ ಕೊಡುವ ದಿನ ಟೈಲರಮ್ಮ ಗೋಡೆ ಹಿಡಿದು ನಿಂತಿದ್ದರು.

“ವಾಸಿಯಾಯ್ತಾ ಅಣ್ಣಾ?”

“ಲಿಖಿತವಾಗಿ ಆಗಿದೆ ಅಕ್ಕ.”

“ಮತ್ತೆ ಈ ರಕ್ತ?”

“ಅದು ಅನಧಿಕೃತ.”

ಹೌದೌದು ಎಂದು ತಲೆಯಾಡಿಸಿ, ಸ್ವೀಕೃತಿಗೆ ಸಹಿ ಹಾಕಿ, ಹೊಟ್ಟೆ ಅದುಮಿಕೊಂಡು ಶೌಚಾಲಯದತ್ತ ಓಡಿದರು. ಸಾಲಿನಲ್ಲಿದ್ದ ಮಿಕ್ಕ ರೋಗಿಗಳು ನನ್ನ ಕಿಟಕಿಗೆ ಮುಗಿಬಿದ್ದರು.

“ಆ ಅಕ್ಕನಿಗೆ ಎಷ್ಟು ಬೇಗ ವಾಸಿಯಾಯ್ತು ನೋಡಿ! ನಮ್ಮ ಜೀನ್‌ಗಳನ್ನೂ ಅಮಾನತು ಮಾಡಿಸಿಕೊಡಿ ಸಾರ್.”

ಅರ್ಜಿ ನಮೂನೆಗಳು ಮಧ್ಯಾಹ್ನದೊಳಗೆ ಮುಗಿದುಹೋದವು.